ಬಿರುಕಿದೆ, ಅತ್ತಿಗೆ

ಮಾರ್ಚ್ ೩, ಸೋಮವಾರ

ಈ ಪುಸ್ತಕ ಇವರೇ ತಂದುಕೊಟ್ಟದ್ದು. ದಿನವಿಡೀ ಬಸ್ಸು ಓಡಿಸಿ ಬಂದ ಮನುಷ್ಯನಿಗೆ ಇರುವುದು ಎರಡೇ ಕಿವಿಯಂತೆ, ಅವೆರಡೂ ಹಾರ್ನ್ ಕೇಳಿ ಕೇಳಿ ತುಂಬಿಹೋಗಿವೆಯಂತೆ. "ನನ್ನ ತಮ್ಮನ ಮೇಲೆ ಏನೇನು ಹೇಳ್ಬೇಕು ಅನ್ಸುತ್ತೋ ಎಲ್ಲಾ ಇದರಲ್ಲಿ ಬರಿ. ಇದು ಎದುರುತ್ತರ ಕೊಡಲ್ಲ" ಎಂದರು. ಸರಿ, ಬರೆಯುತ್ತೇನೆ. ಪುಸ್ತಕ ಸಾಲದೆ ಹೋದರೆ ಇನ್ನೊಂದು ತರಲಿ.

ಮೈದುನ ಮಹಾಶಯರು ನಮ್ಮ ಮನೆಗೆ ಬಂದು ಇದು ಮೂರನೇ ತಿಂಗಳು. ಬಾಟಲಿ ಕಾರ್ಖಾನೆ ಮುಚ್ಚಿತು, ಬಾಡಿಗೆ ಕೋಣೆ ಬಿಟ್ಟರು, ಒಂದು ಪೆಟ್ಟಿಗೆ ಹಿಡಿದು ಬಂದರು. ಒಂಟಿ ಜೀವ, ಎಲ್ಲಿಗೆ ಹೋದಾನು ಎಂದು ಕರೆದವಳು ನಾನೇ. ಕರೆದದ್ದು ತಪ್ಪಲ್ಲ. ಆದರೆ ಕರೆದವಳ ಚಹಾದ ಲೋಟವನ್ನು ಕಸದ ಬುಟ್ಟಿಗೆ ಹಾಕುವುದು ಎಲ್ಲಿಯ ಮರ್ಯಾದೆ?

ಹೌದು, ನನ್ನ ಗಾಜಿನ ಲೋಟ. ಬೆಳಿಗ್ಗೆ ಎದ್ದು ನೋಡಿದರೆ ಬುಟ್ಟಿಯಲ್ಲಿ ಮಲಗಿದೆ. ಯಾಕಪ್ಪಾ ಎಂದರೆ, "ಬಿರುಕಿದೆ, ಅತ್ತಿಗೆ." ನಾನು ಕಿಟಕಿಗೆ ಹಿಡಿದೆ, ತಿರುಗಿಸಿದೆ, ಕನ್ನಡಕ ಹಾಕಿಕೊಂಡೂ ನೋಡಿದೆ. ನನಗೇನೂ ಕಾಣಲಿಲ್ಲ. ಕಾರ್ಖಾನೆಯಲ್ಲಿ ಅವರ ಕೆಲಸವೇ ಅದು: ಬಿಳಿ ಬೆಳಕಿನ ಪರದೆಯ ಮುಂದೆ ಕೂತು, ಸಾಲಾಗಿ ಹೋಗುವ ಬಾಟಲಿಗಳಲ್ಲಿ ಬಿರುಕು ಕಂಡದ್ದನ್ನು ಎತ್ತಿ ಪಕ್ಕಕ್ಕೆ ಹಾಕುವುದು. ಕಾರ್ಖಾನೆ ಹೋಯಿತು, ಕಣ್ಣು ಉಳಿಯಿತು, ಅದು ಈಗ ನನ್ನ ಅಡುಗೆಮನೆಗೆ ಬಂದು ಕೂತಿದೆ. ಮೊಸರಲ್ಲಿ ಕಲ್ಲು ಹುಡುಕುವವರನ್ನು ಕಂಡಿದ್ದೆ. ಸಂಬಳ ತಗೊಂಡು ಹುಡುಕಿದವರನ್ನು ಕಂಡದ್ದು ಇದೇ ಮೊದಲು.

ಮಾರ್ಚ್ ೫, ಬುಧವಾರ

ಪೇಪರ್ ತೆಗೆದರೂ ಅದೇ, ರೇಡಿಯೋ ಹಾಕಿದರೂ ಅದೇ. ಕೆಲಸ ಹೋದವರಿಗೆ ಸರ್ಕಾರ ಕೊಡುವ ನಾಲ್ಕು ತಿಂಗಳ ಭತ್ಯೆಯನ್ನು ಒಂದು ವರ್ಷಕ್ಕೆ ಏರಿಸಬೇಕಂತೆ. ಹಣ ಎಲ್ಲಿಂದ ಬರುತ್ತದೆ? ಒಬ್ಬರನ್ನೇ ಕೆಲಸಕ್ಕಿಟ್ಟುಕೊಂಡ ಅಂಗಡಿಯೂ ತಿಂಗಳು ತಿಂಗಳು ಕಟ್ಟಬೇಕಂತೆ. ಕಾರ್ಖಾನೆ ಮುಚ್ಚಿದವನು ಎಲ್ಲೋ ಹಾಯಾಗಿದ್ದಾನೆ, ದಂಡ ತೆರಬೇಕಾದವಳು ಲಾಂಡ್ರಿ ಅಂಗಡಿ ಇಟ್ಟ ನಾನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಕೌಂಟರಿನ ಮುಂದೆ ದಿನವಿಡೀ ಇದೇ ಭಾಷಣ. ಕೋಟು ಬಿಡಲು ಬಂದ ಮೇಷ್ಟ್ರು, "ಇದು ನಾಗರಿಕ ಸಮಾಜದ ಲಕ್ಷಣ ಅಮ್ಮಾ" ಎಂದರು. ಕಳೆದ ತಿಂಗಳ ಬಾಕಿ ಕೊಡುವುದು ಯಾವ ಸಮಾಜದ ಲಕ್ಷಣ ಎಂದು ಬಾಯಿತುದಿಗೆ ಬಂದಿತ್ತು, ನುಂಗಿದೆ.

ಸಂಜೆ ವರ್ತಕರ ಸಂಘದ ಅಧ್ಯಕ್ಷರು ಬಂದರು. ಕಬ್ಬಿಣದ ಸಾಮಾನಿನ ಅಂಗಡಿಯವರು. ಬೀದಿಯೆಲ್ಲ ಅವರನ್ನು ಕರೆಯುವುದು ಮೊಳೆ ಎಂದೇ. ಇಪ್ಪತ್ತೆರಡನೇ ತಾರೀಕು ಪುರಭವನದಲ್ಲಿ ಜನರ ಅಭಿಪ್ರಾಯ ಕೇಳುವ ಸಭೆ. ಸಂಘದ ಪರವಾಗಿ ವಿರೋಧಿಸಿ ನಾನು ಮಾತಾಡಬೇಕಂತೆ.

"ನಿಮ್ಮ ಬಾಯಿಗೆ ಎದುರು ನಿಲ್ಲೋರು ಯಾರಿದಾರೆ? ಅಲ್ದೆ ನಿಮ್ಮನೇಲೇ ಒಂದು ಸ್ಯಾಂಪಲ್ ಇದೆಯಲ್ಲ" ಎಂದು ನಕ್ಕರು. ಮೊದಲನೆಯದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಎರಡನೆಯದು ನಿಜವೇ. ಒಪ್ಪಿಕೊಂಡೆ.

ಮಾರ್ಚ್ ೯, ಭಾನುವಾರ

"ಸುಮ್ನೆ ಕೂರೋಕೆ ಬೇಜಾರು ಅತ್ತಿಗೆ, ಅಂಗಡೀಲಿ ಏನಾದ್ರೂ ಮಾಡ್ಲಾ?" ಎಂದು ಕೇಳಿದ್ದಕ್ಕೆ ಗುರುವಾರ ಪಾಪ ಅನ್ನಿಸಿ ಹೂಂ ಎಂದಿದ್ದೆ. ಅದರ ಫಲ ಈಗ ಉಣ್ಣುತ್ತಿದ್ದೇನೆ.

ಇಸ್ತ್ರಿಯಾಕೆ ಮಡಿಸಿಟ್ಟ ಬಟ್ಟೆಯನ್ನೆಲ್ಲ ಬಿಚ್ಚಿ, ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಾರೆ. ಬಿಳಿ ಅಂಗಿಯ ಕಂಕುಳಲ್ಲಿ ಕಲೆಯ ನೆರಳಿದೆಯಂತೆ, ಫೇಲು. ಹಾಸಿಗೆಯ ಹೊದಿಕೆಯಲ್ಲಿ ಎರಡು ಎಳೆ ಸಡಿಲವಂತೆ, ಫೇಲು. ಶನಿವಾರ ಕೊಡಬೇಕಾದ ಗಂಟಿನಲ್ಲಿ ಅರ್ಧ ಮತ್ತೆ ನೀರಿಗೆ ಹೋಯಿತು. ಗಿರಾಕಿಗಳು ನನ್ನ ಮುಖಕ್ಕೆ ಉಗಿಯುವುದೊಂದು ಬಾಕಿ. ಇಸ್ತ್ರಿಯಾಕೆ ಪೆಟ್ಟಿಗೆಯನ್ನು ಟಪ್ ಎಂದು ಇಟ್ಟು, "ಅಮ್ಮಾ, ಇಲ್ಲಿ ಅವರಿರಬೇಕು, ಇಲ್ಲ ನಾನಿರಬೇಕು" ಎಂದಳು.

ಬೈದೆ. ತಲೆ ತಗ್ಗಿಸಿ ಕೇಳಿಸಿಕೊಂಡರು. ಕೊನೆಗೆ ಮೆಲ್ಲಗೆ, "ಕಂಡ ಮೇಲೆ ಬಿಡೋದು ಹೇಗೆ ಅತ್ತಿಗೆ?"

ಒಮ್ಮೆ ಕಾರ್ಖಾನೆಯ ಬಾಗಿಲಲ್ಲಿ ಲಾರಿ ಕಾದು ನಿಂತಿತ್ತಂತೆ. ಮಾಲೀಕನೇ ಬೆನ್ನ ಹಿಂದೆ ನಿಂತು, ಇವತ್ತೊಂದಿನ ನೋಡಿಯೂ ನೋಡದ ಹಾಗೆ ಪಾಸು ಮಾಡಪ್ಪ ಎಂದನಂತೆ. ಮೈದುನ ಮಹಾಶಯರು ಮಾಡಲಿಲ್ಲ. ಆ ವರ್ಷ ಎಲ್ಲರಿಗೂ ಸಂಬಳ ಏರಿತು, ಅವರಿಗೆ ಏರಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳಿದರೆ ಒಂದು ಮಾತು. ಹೆಮ್ಮೆಯೂ ಇಲ್ಲ, ಬೇಸರವೂ ಇಲ್ಲ, ಹೊರಗೆ ಬಿಸಿಲಿದೆ ಎಂದ ಹಾಗೆ ಹೇಳುತ್ತಾರೆ. ಇಂಥವರನ್ನು ಕಟ್ಟಿಕೊಂಡು ಏಗುವುದು ಹೇಗೆ? ಅಂಗಡಿಗೆ ಇಳಿಯಕೂಡದೆಂದು ಹೇಳಿಬಿಟ್ಟೆ.

ಮಾರ್ಚ್ ೧೨, ಬುಧವಾರ

ಇಂದು ನಡೆದದ್ದನ್ನು ಇವರಿಗೆ ಹೇಳಿದರೆ ನಗುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ, ಮೇಲೆ ಬಂದು, ಬಾಗಿಲು ಮುಚ್ಚಿಕೊಂಡು ಭಾಷಣ ಓದಿ ಅಭ್ಯಾಸ ಮಾಡುತ್ತಿದ್ದೆ. ಚೆನ್ನಾಗಿಯೇ ಬರೆದಿದ್ದೆ. "ದುಡಿಯುವ ನಾವು ಬೆಳಗಾಗುತ್ತಲೇ ಏಳುತ್ತೇವೆ, ಈ ನಿರುದ್ಯೋಗಿಗಳು ಹೊತ್ತು ನೆತ್ತಿಗೇರಿದರೂ ಏಳುವುದಿಲ್ಲ. ಹತ್ತರಲ್ಲಿ ಒಂಬತ್ತು ಜನ ಶುದ್ಧ ಸೋಮಾರಿಗಳು. ಕೂತು ಉಣ್ಣುವವನಿಗೆ ಕುಡಿಕೆ ಹಣ ಸಾಲದು..."

ಗೋಡೆಯ ಆಚೆಯಿಂದ ದನಿ ಬಂತು: "ಬಿರುಕಿದೆ, ಅತ್ತಿಗೆ."

ಪಕ್ಕದ ಕೋಣೆಯಲ್ಲಿದ್ದಾರೆಂದು ಮರೆತೇ ಹೋಗಿತ್ತು. ಎಲ್ಲ ಕೇಳಿಸಿದೆ! ಮುಖ ಎಲ್ಲಿಟ್ಟುಕೊಳ್ಳಲಿ ಎಂದು ನಾನು ನಿಂತಿದ್ದರೆ, ಮನುಷ್ಯ ಬಾಗಿಲಿಗೆ ಬಂದು ನಿಂತು ಶುರು ಮಾಡಿದರು.

"ಏಳೋದಿಲ್ಲ ಅಂತೀರಲ್ಲ, ನಾನು ನಿಮಗಿಂತ ಮುಂಚೆ ಏಳ್ತೀನಿ. ಯಾರಾದ್ರೂ ಎದ್ದು ಕೇಳಿದ್ರೆ ಏನು ಹೇಳ್ತೀರಿ? ಆಮೇಲೆ ಆ ಹತ್ತರಲ್ಲಿ ಒಂಬತ್ತು. ಎಣಿಸಿದ್ದು ಯಾರು?"

"ಗಾದೆಗೇನಾಗಿದೆ?" ಎಂದೆ, ರೇಗಿ.

"ಗಾದೆ ಗಟ್ಟಿಯಾಗಿದೆ. ಪಾಸು."

"ಇದು ನಿನ್ನ ವಿರುದ್ಧ ಮಾಡ್ತಿರೋ ಭಾಷಣ ಅಂತ ತಿಳೀತೋ ಇಲ್ವೋ?"

"ತಿಳೀತು. ಬಾಟಲಿ ಯಾರದ್ದಾದ್ರೇನು ಅತ್ತಿಗೆ, ಬಿರುಕು ಬಿರುಕೇ."

ಹಾಳೆಯನ್ನು ಅವರ ಕೈಗೆ ತುರುಕಿ, ನೀನೇ ಬರಕೋ ಹೋಗು ಎಂದು ಕೆಳಗಿಳಿದು ಬಂದೆ.

ಮಾರ್ಚ್ ೧೩, ಗುರುವಾರ

ಮಾತಿಲ್ಲ ಕತೆಯಿಲ್ಲ. ಹಾಳೆ ನನ್ನ ದಿಂಬಿನ ಪಕ್ಕದಲ್ಲಿತ್ತು. ಎಲ್ಲೆಲ್ಲಿ ಬಿರುಕೋ ಅಲ್ಲೆಲ್ಲ ಪೆನ್ಸಿಲಿನ ಚುಕ್ಕೆ. ಸಿಡುಬು ಎದ್ದ ಹಾಗಿದೆ.

ಮಾರ್ಚ್ ೧೫, ಶನಿವಾರ

ಕೋಪ ಮಾಡಿಕೊಂಡರೆ ನಷ್ಟ ನನಗೇ. ಚುಕ್ಕೆ ಇಟ್ಟಲ್ಲೆಲ್ಲ ಓದಿ ನೋಡಿದೆ, ಒಂದೂ ನಿಲ್ಲುವ ಹಾಗಿಲ್ಲ. ಸಭೆಯಲ್ಲಿ ಆ ಮೇಷ್ಟ್ರಂಥವರು ನನ್ನನ್ನು ಒಗೆದು ಹಿಂಡಿ ಒಣಹಾಕುತ್ತಿದ್ದರು. ಮಾನ ಬಿಟ್ಟು ಮೈದುನನನ್ನೇ ಕೂರಿಸಿಕೊಂಡು ಕೇಳಿದೆ.

"ಹಾಗಾದ್ರೆ ಏನು ಹೇಳ್ಲಿ?"

ಹಾಳೆಯನ್ನು ಬೆಳಕಿಗೆ ಹಿಡಿದ. "ಹತ್ತು ಜನ, ಸಾವಿರ ಜನ ಅನ್ಬೇಡಿ. ನೀವು ಕಂಡಿರೋದು ಒಬ್ಬನ್ನ. ಆ ಒಬ್ಬನ್ನೇ ಹೇಳಿ. ನನ್ನ ಮೈದುನ ಮನೇಲಿದಾನೆ, ಭತ್ಯೆ ತಗೋತಾನೆ, ಇಷ್ಟು ದಿನ ಆದ್ರೂ ಕೆಲಸ ಸಿಕ್ಕಿಲ್ಲ, ಇನ್ನೂ ಕೊಟ್ರೆ ಇನ್ನೂ ಕೂರ್ತಾನೆ ಅಂತ ನನಗೆ ಅನ್ಸುತ್ತೆ. ಅನ್ಸುತ್ತೆ ಅಂದ್ರೆ ಯಾರೂ ಸುಳ್ಳು ಅನ್ನೋಕಾಗಲ್ಲ."

"ನಿನಗೆ ಬೇಜಾರಾಗಲ್ವೇನೋ?"

"ಆಗುತ್ತೆ," ಎಂದ. "ಆದ್ರೆ ಅದು ಬೇರೆ ವಿಷ್ಯ."

ಹಾಗೇ ತಿದ್ದಿದೆ. ಈಗ ಭಾಷಣ ನಿಜಕ್ಕೂ ಗಟ್ಟಿಯಾಗಿದೆ. ತಲೆ ಮಾತ್ರ ಬೆಳಗಿನಿಂದ ನೋಯುತ್ತಿದೆ, ಬಾಯ್ಲರಿನ ಹೊಗೆ ಇರಬೇಕು.

ಮಾರ್ಚ್ ೧೯, ಬುಧವಾರ

ಪ್ರಿಂಟಿಂಗ್ ಪ್ರೆಸ್ಸಿನವರು ಕೆಲಸಕ್ಕೆ ಕರೆದಿದ್ದರೆಂದು ಮೈದುನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದ. ಗೋಡೆಯ ಮೇಲಿನ ಅಕ್ಷರ ಓದಿಸಿದರಂತೆ, ಆಗಲಿಲ್ಲವಂತೆ. ಇಷ್ಟು ವರ್ಷ ಆ ಬಿಳಿ ಪರದೆಯನ್ನು ನೋಡಿ ನೋಡಿ ಅವನ ಕಣ್ಣು ಹಾಗಾಗಿದೆ. ಮೊಳದ ದೂರದಲ್ಲಿ ಕೂದಲೆಳೆ ಕಾಣುತ್ತದೆ, ಬೀದಿಯಾಚೆ ನಿಂತ ಬಸ್ಸಿನ ನಂಬರು ಕಾಣುವುದಿಲ್ಲ. ಕತ್ತಲಾದರೆ ಮೆಟ್ಟಿಲನ್ನು ಕಾಲಲ್ಲಿ ತಡವಿ ಹತ್ತುತ್ತಾನೆ.

ಇದು ಇವರಿಗೂ ಗೊತ್ತಿರಲಿಲ್ಲ. ಸ್ವಂತ ಅಣ್ಣ, ಅದೂ ಬಸ್ಸಿನ ಡ್ರೈವರ್! "ಅವನು ಹೇಳ್ಲಿಲ್ವಲ್ಲ" ಎನ್ನುತ್ತಾರೆ. ಹೇಳುವ ಜಾತಿಯವನೇ ಅವನು? ಈ ಮನೆಯಲ್ಲಿ ಎಲ್ಲ ನಾನೇ ಕಂಡುಹಿಡಿಯಬೇಕು.

ಮಾರ್ಚ್ ೨೨, ಶನಿವಾರ

ಸಭೆ ಮುಗಿಯಿತು. ನನ್ನ ಮರ್ಯಾದೆಯೂ ಮುಗಿದಂತೆಯೇ.

ಪುರಭವನ ತುಂಬಿತ್ತು. ವೇದಿಕೆಯ ಮೇಲೆ ಅಧಿಕಾರಿಗಳು, ಅವರ ಪಕ್ಕದಲ್ಲಿ ನಮ್ಮ ಮೊಳೆ, ಗರಿಗರಿ ಕೋಟು ಹಾಕಿಕೊಂಡು (ನನ್ನ ಅಂಗಡಿಯಲ್ಲೇ ಒಗೆದದ್ದು, ದುಡ್ಡು ಬಂದಿಲ್ಲ). ಪರ ಮಾತಾಡಿದವರು ಪುಸ್ತಕ ಓದಿದ ಹಾಗೆ ಮಾತಾಡಿದರು. ವಿರೋಧದವರು ಜಗಳಕ್ಕೆ ಬಂದ ಹಾಗೆ ಮಾತಾಡಿದರು. ಮೈದುನ ಕೊನೆಯ ಸಾಲಿನಲ್ಲಿ ಕಂಬದ ಪಕ್ಕ ಕೂತಿದ್ದ. ಬರಬೇಡ ಎಂದಿದ್ದೆ, "ಮೈಕಲ್ಲಿ ಹೇಗೆ ಕೇಳ್ಸುತ್ತೆ ನೋಡ್ಬೇಕು" ಎಂದು ಬಂದ.

ನನ್ನ ಸರದಿ ಬಂತು. ಚೆನ್ನಾಗಿಯೇ ಶುರು ಮಾಡಿದೆ. ಸಣ್ಣ ಅಂಗಡಿಗಳ ಮೇಲೆ ಬೀಳುವ ಹೊರೆ ಹೇಳಿದೆ, ಚಪ್ಪಾಳೆ ಬಿತ್ತು. ಆಮೇಲೆ ಆ ಸಾಲು ಬಂತು: "ದೂರದ ಮಾತು ಯಾಕೆ, ನಮ್ಮ ಮನೆಯಲ್ಲೇ ನನ್ನ ಮೈದುನ ಇದ್ದಾನೆ. ಭತ್ಯೆ ತೆಗೆದುಕೊಳ್ಳುತ್ತಾನೆ. ಇಷ್ಟು ದಿನವಾದರೂ ಕೆಲಸ ಸಿಕ್ಕಿಲ್ಲ..."

ಅಷ್ಟರಲ್ಲಿ ಮೊಳೆ ತನ್ನ ಮುಂದಿನ ಮೈಕನ್ನು ಎಳೆದುಕೊಂಡು, "ಒಡೆದ ಬಾಟಲೀನ ಎಸೀಬೇಕಮ್ಮಾ, ಅಲ್ಮೇರಾದಲ್ಲಿಟ್ಟು ಪೂಜೆ ಮಾಡ್ಬಾರ್ದು!" ಎಂದಿತು. ಸಭೆಯೆಲ್ಲ ಘೊಳ್ಳೆಂದು ನಕ್ಕಿತು.

ಮುಂದೆ ಏನಾಯಿತೋ ನನಗೆ ಸರಿಯಾಗಿ ನೆನಪಿಲ್ಲ. ಕೈಯಲ್ಲಿದ್ದ ಹಾಳೆ ಮುದ್ದೆಯಾಗಿತ್ತು, ಅದು ಗೊತ್ತು. ಉಳಿದದ್ದನ್ನು ಇಸ್ತ್ರಿಯಾಕೆ ಕಣ್ಣರಳಿಸಿಕೊಂಡು ಹೇಳಿದಳು. ನಾನು ಹೀಗೆ ಅಂದೆನಂತೆ:

"ಯಾರನ್ರೀ ಒಡೆದ ಬಾಟಲಿ ಅಂತೀರಿ? ನಿಮ್ಮ ಅಂಗಡಿ ಮೊಳೆ ತಗೊಂಡ್ರೆ ಅರ್ಧಕ್ಕರ್ಧ ಸೊಟ್ಟ, ಅದನ್ನ ಆರಿಸಿ ತೆಗೆಯೋಕೆ ನಿಮಗೆ ಕಣ್ಣಿಲ್ಲ. ಇಪ್ಪತ್ತು ವರ್ಷ ಈ ಊರಿನ ಮಕ್ಕಳ ಬಾಯಿಗೆ ಗಾಜಿನ ಚೂರು ಹೋಗದ ಹಾಗೆ ಕಾದವನು ಅವನು. ಆ ಕೆಲಸದಲ್ಲಿ ಕಣ್ಣು ಕಳ್ಕೊಂಡ. ಕಾರ್ಖಾನೆ ಮುಚ್ಚಿದ್ದು ಅವನಾ? ಮುಚ್ಚಿದವನನ್ನ ಕರೆಸಿ ಇಲ್ಲಿ ಕೂರಿಸಿ, ನಾನು ಮಾತಾಡ್ತೀನಿ. ನಾಲ್ಕು ತಿಂಗಳಲ್ಲಿ ನಿಮಗೆ ಹೊಸ ಕಣ್ಣು ಬರುತ್ತಾ? ಅವನಿಗೆ ಹೆಂಗ್ರೀ ಬರುತ್ತೆ?"

ಭತ್ಯೆಯ ಪರ ಇದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಅವರ ಚಪ್ಪಾಳೆ ಯಾರಿಗೆ ಬೇಕಾಗಿತ್ತು!

ಮೈದುನನ ಜೊತೆ ನಡೆದು ಮನೆಗೆ ಬಂದೆ. ಬಾಗಿಲ ಹತ್ತಿರ ಬಂದ ಮೇಲೆ, "ಅತ್ತಿಗೆ, ಇಪ್ಪತ್ತಲ್ಲ, ಇಪ್ಪತ್ಮೂರು ವರ್ಷ" ಎಂದ.

ಮಾರ್ಚ್ ೨೩, ಭಾನುವಾರ

ಒಂದು ವಿಷಯ ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ. ನನ್ನ ಅಭಿಪ್ರಾಯ ಬದಲಾಗಿಲ್ಲ. ಮೊಳೆಗೆ ಬೈದದ್ದು ಬೇರೆ, ಕಾನೂನು ಬೇರೆ. ಸಂಘದಿಂದ ನನ್ನ ಹೆಸರು ತೆಗೆದಿದ್ದಾರಂತೆ. ತೆಗೆಯಲಿ. ವರ್ಷಕ್ಕೊಮ್ಮೆ ಒಂದು ಕ್ಯಾಲೆಂಡರ್ ಕೊಡುತ್ತಿದ್ದರು, ಅದೂ ಮೊಳೆಯದೇ ಜಾಹೀರಾತು.

ಮೈದುನ ಅಂಗಡಿಗೆ ಇಳಿದು ಬಿಳಿ ಬಟ್ಟೆ ಮಾತ್ರ ನೋಡಲಿ ಎಂದು ಇಸ್ತ್ರಿಯಾಕೆಯೇ ಹೇಳಿದಳು. ನಾನು ಬಿಳಿ ಬಟ್ಟೆಯ ಗಂಟನ್ನು ಟ್ಯೂಬ್‌ಲೈಟಿನ ಕೆಳಗಿಟ್ಟೆ.

ಏಪ್ರಿಲ್ ೪, ಶುಕ್ರವಾರ

ಭತ್ಯೆ ಈ ವಾರಕ್ಕೆ ಮುಗಿಯಿತು. ಮಸೂದೆ ಇನ್ನೂ ಚರ್ಚೆಯಲ್ಲೇ ಇದೆ. ಇವನು ಬಂದು ಹೇಳುತ್ತಾನೆ, ಕೆಲಸ ಸಿಕ್ಕಿತಂತೆ. ಏನು? ಊರಾಚೆ, ಹೆದ್ದಾರಿಯ ಕೊನೆಯಲ್ಲಿರುವ ಉಗ್ರಾಣದಲ್ಲಿ ರಾತ್ರಿ ಕಾವಲು. ಅಲ್ಲೇ ತಗಡಿನ ಕೋಣೆಯಲ್ಲಿ ವಾಸ.

"ಕತ್ತಲಲ್ಲಿ ಮೆಟ್ಟಿಲು ಕಾಣದವನು ಏನನ್ನ ಕಾಯ್ತೀಯೋ?" ಎಂದು ಕೂಗಿಬಿಟ್ಟೆ.

"ಅವರು ಕಣ್ಣು ಪರೀಕ್ಷೆ ಮಾಡ್ಲಿಲ್ಲ ಅತ್ತಿಗೆ."

"ನೀನಾದ್ರೂ ಹೇಳ್ಬೇಕಿತ್ತು. ಲೋಟದಲ್ಲಿ ಬಿರುಕಿದ್ರೆ ಹೇಳ್ತೀಯ, ನಿನ್ನಲ್ಲಿದ್ರೆ ಹೇಳಲ್ವಾ?"

ಇಲ್ಲೇ ಇರು, ಅಂಗಡಿಯಲ್ಲಿ ಬೇಕಾದಷ್ಟು ಕೆಲಸವಿದೆ ಎಂದೆ. ಇಬ್ಬರಿಗೆ ಸಂಬಳ ಕೊಡುವಷ್ಟು ಅಂಗಡಿಯಲ್ಲ ಎಂದು ಅವನಿಗೂ ಗೊತ್ತು. ಸಂಬಳವಿಲ್ಲದೆ ಊಟಕ್ಕೆ ಕೂರುವವನಲ್ಲ ಎಂದು ನನಗೂ ಗೊತ್ತು. ಇವರು ಬೆಳಗಿನ ಪೇಪರನ್ನೇ ಮತ್ತೆ ಓದುತ್ತ ಕೂತಿದ್ದರು. ಒಂದು ಮಾತು ಆಡಬಾರದೇ?

ಏಪ್ರಿಲ್ ೬, ಭಾನುವಾರ

ಹೋದ. ಅದೇ ಪೆಟ್ಟಿಗೆ. ಅಡುಗೆಮನೆಯ ಕಪಾಟಿನಲ್ಲಿ ಒಂದು ಹೊಸ ಗಾಜಿನ ಲೋಟ ಇಟ್ಟು ಹೋಗಿದ್ದಾನೆ. ಕಿಟಕಿಗೆ ಹಿಡಿದು ನೋಡಿದೆ. ಏನೂ ಇಲ್ಲ, ಚೊಕ್ಕವಾಗಿದೆ.

ಏಪ್ರಿಲ್ ೧೬, ಬುಧವಾರ

ಮಸೂದೆ ಪಾಸಾಯಿತು! ಪೇಪರಿನ ತುಂಬ ಅದೇ. ಒಂದು ವರ್ಷವಲ್ಲ, ಎಂಟು ತಿಂಗಳು. ಎಂಟಾದರೆ ಎಂಟು, ಆ ಕಾವಲು ಬಿಟ್ಟು ಬಂದರೆ ಅವನಿಗೆ ಇನ್ನೂ ನಾಲ್ಕು ಸಿಗುತ್ತದಲ್ಲ ಎಂದು ಅಂಗಡಿಯನ್ನು ಇಸ್ತ್ರಿಯಾಕೆಗೆ ಒಪ್ಪಿಸಿ ಭತ್ಯೆಯ ಕಚೇರಿಗೆ ಓಡಿದೆ.

ಗಾಜಿನ ಹಿಂದೆ ಕೂತ ಗುಮಾಸ್ತೆ ತಲೆ ಎತ್ತದೆ ಹೇಳಿದಳು: ಮುಂದಿನ ತಿಂಗಳ ಒಂದನೇ ತಾರೀಕಿನ ನಂತರ ಕೆಲಸ ಕಳೆದುಕೊಂಡವರಿಗೆ ಮಾತ್ರ.

"ಅದಕ್ಕೆ ಮುಂಚೆ ಕಳ್ಕೊಂಡೋರು?"

"ಅವರು ಇದರಲ್ಲಿ ಬರಲ್ಲ."

"ಅವರ ಹೊಟ್ಟೆ ಬರುತ್ತಾ?"

"ಅಮ್ಮಾ, ನಿಮ್ಮ ಹಿಂದೆ ಜನ ಇದಾರೆ."

ತಿರುಗಿ ನೋಡಿದೆ. ಇದ್ದರು. ಬಾಗಿಲಾಚೆಯವರೆಗೂ ಇದ್ದರು. ಬೆಟ್ಟ ಅಗೆದು ಇಲಿ ಹಿಡಿದರು ಅನ್ನೋಣವೆಂದರೆ, ಆ ಇಲಿಯನ್ನೂ ನಾಳೆ ಬರುವವರಿಗೆ ಎತ್ತಿಟ್ಟಿದ್ದಾರೆ. ಇಷ್ಟು ದಿನ ಬಾಯಿ ಹರಿದುಕೊಂಡು ಚರ್ಚೆ ಮಾಡಿದವರಲ್ಲಿ ಒಬ್ಬರಿಗೂ ಈ ತೂತು ಕಾಣಲಿಲ್ಲವೇ? ಒಬ್ಬನನ್ನು ಕೂರಿಸಿ ಬೆಳಕಿಗೆ ಹಿಡಿದು ನೋಡಿಸಿದ್ದರೆ ಕ್ಷಣದಲ್ಲಿ ಹೇಳುತ್ತಿದ್ದ.

ಮೇ ೨, ಶುಕ್ರವಾರ

ಹಳಬರನ್ನೂ ಸೇರಿಸಬೇಕೆಂದು ಗಲಾಟೆಯಾಗಿ ಇನ್ನೊಂದು ಸಭೆ ಕರೆದಿದ್ದಾರೆ. ಈ ಸಲ ಯಾರೂ ಕರೆಯಲಿಲ್ಲ, ನಾನೇ ಹೋಗಿ ಹೆಸರು ಕೊಟ್ಟು ಬಂದೆ. ಮೊಳೆಯೂ ಬರುತ್ತದಂತೆ, ಬರಲಿ.

ಮಧ್ಯಾಹ್ನ ಭಾಷಣ ಬರೆದು ಮುಗಿಸಿ ಉಗ್ರಾಣಕ್ಕೆ ಫೋನ್ ಮಾಡಿದೆ. ಯಾರೋ ಎತ್ತಿ, ಯಾರನ್ನೋ ಕೂಗಿ, ಬಹಳ ಹೊತ್ತಾದ ಮೇಲೆ ಬಂದ.

"ಊಟ ಆಯ್ತಾ?"

"ಆಯ್ತು ಅತ್ತಿಗೆ."

"ದನಿ ಯಾಕೆ ಹಾಗಿದೆ?"

"ಏನಿಲ್ಲ. ಮೊನ್ನೆ ಜಾರಿದ್ದೆ. ಈಗ ಪರವಾಗಿಲ್ಲ."

ಎಲ್ಲಿ ಜಾರಿದೆ, ಹೇಗೆ ಜಾರಿದೆ ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಕೇಳಿ ಸಾಕಾಗಿ, "ಸರಿ, ಇದನ್ನ ಕೇಳು. ಎಲ್ಲಿ ಬಿರುಕಿದೆ ಹೇಳು" ಎಂದು ಓದತೊಡಗಿದೆ. "ಮಾನ್ಯರೇ, ನಾನು ಮೊದಲಿನಿಂದಲೂ ಈ ಭತ್ಯೆಯ ಪರವಾಗಿಯೇ ಮಾತಾಡುತ್ತ ಬಂದವಳು..." ಕೊನೆಯವರೆಗೂ ಓದಿದೆ. ನಡುವೆ ಒಮ್ಮೆಯೂ ತಡೆಯಲಿಲ್ಲ. ಲೈನ್ ಕಟ್ಟಾಯಿತೇನೋ ಎಂದು ಎರಡು ಸಲ ಹಲೋ ಅಂದೆ.

"ಕೇಳಿಸ್ತಿದೆ ಅತ್ತಿಗೆ."

"ಹೇಗಿದೆ?"

"ಚೆನ್ನಾಗಿದೆ. ಪಾಸು."

"ಎಲ್ಲಾನೂ?"

"ಎಲ್ಲಾ ಪಾಸು, ಅತ್ತಿಗೆ."

ಫೋನಿಟ್ಟು ಅಂಗಡಿಗೆ ಇಳಿದೆ. ಬಟ್ಟೆಗೆ ಚೀಟಿ ಸಿಕ್ಕಿಸುತ್ತ ಸಿಕ್ಕಿಸುತ್ತ ಕೈ ನಿಂತುಬಿಟ್ಟಿತು. ಮತ್ತೆ ಮೇಲೆ ಬಂದು ಹಾಳೆ ತೆಗೆದು ನೋಡಿದೆ. ಮೊದಲನೇ ಸಾಲು. ಬರೆಯುವಾಗ ನನಗೆ ಹೇಗೋ ತಿಳಿಯಲಿಲ್ಲ, ಈಗ ನೋಡಿದರೆ ಕಣ್ಣಿಲ್ಲದವರಿಗೂ ಕಾಣುವಂಥ ಬಿರುಕು, ಈ ತುದಿಯಿಂದ ಆ ತುದಿಯವರೆಗೆ. ಮಾಲೀಕ ಬೆನ್ನ ಹಿಂದೆ ನಿಂತಾಗಲೂ ಬಿಡದವನು ಇದನ್ನು ಪಾಸು ಮಾಡಿದ್ದಾನೆ.

ಅವನು ಅಲ್ಲಿ ಚೆನ್ನಾಗಿಲ್ಲ. ಭಾನುವಾರ ಹೋಗಿ ಕರೆದುಕೊಂಡು ಬರುತ್ತೇನೆ. ಇವರ ಬಸ್ಸು ಆ ದಾರಿಯಲ್ಲಿ ಹೋಗುವುದಿಲ್ಲವಂತೆ. ಹೋಗದಿದ್ದರೆ ಬೇಡ, ನಡೆದೇ ಹೋಗುತ್ತೇನೆ.